ಆಯುಧಪೂಜೆಗೆ ಇಟ್ಟ ಬಾಟಲಿಗಳು

ಬರವಣಿಗೆಯ ಅನುಭವವಿಲ್ಲದ ಕಾರಣ ಕಚೇರಿ ಪತ್ರಗಳ ಭಾಷೆಯನ್ನೇ ಆಶ್ರಯಿಸಿದ್ದೇನೆ. ಓದುಗರು ಮನ್ನಿಸಬೇಕಾಗಿ ಕೋರಿಕೆ.

ನಾನು ಮೈಸೂರಿನ ನೀರು ಪರೀಕ್ಷಾ ಪ್ರಯೋಗಾಲಯವೊಂದರ ಉದ್ಯೋಗಿ. ನದಿಯಲ್ಲಿ ಮತ್ತು ಅದನ್ನು ಸೇರುವ ಹಳ್ಳಗಳಲ್ಲಿ ಕರಗಿರುವ ಕೀಟನಾಶಕ, ದ್ರಾವಕ ಮುಂತಾದ ಸಾವಯವ ರಾಸಾಯನಿಕಗಳನ್ನು ಯಂತ್ರದ ನೆರವಿನಿಂದ ಗುರುತಿಸುವುದು ನನ್ನ ಕರ್ತವ್ಯ. ಇಲವಾಲದಾಚೆ, ಅಂಥದೊಂದು ಹಳ್ಳದ ದಡದಲ್ಲಿ ನನ್ನ ಅಕ್ಕನ ಮನೆಯಿದೆ. ತುಂಬು ಗರ್ಭಿಣಿಯಾದ ಅವಳು ಕುಡಿಯುವುದು ದಡದ ಬಾವಿಯ ನೀರನ್ನೇ. ದಸರೆ ಕಳೆದ ನಂತರ ಹಳ್ಳದ ಮತ್ತು ಆ ಬಾವಿಯ ಮಾದರಿಗಳನ್ನು ಪರೀಕ್ಷಿಸಲಾಗಿ, ಎರಡರಲ್ಲೂ ಪರದೆಯ ಮೇಲೆ ಎತ್ತರದ ಗೆರೆಯೊಂದು ಎದ್ದಿತು. ಪ್ಲಾಸ್ಟಿಕ್ ಮೆತ್ತಗಾಗಿಸಲು ಬಳಸುವ, ಥಾಲೇಟ್ ಎಂಬ ಜಾತಿಯ ವಸ್ತು. ಹೊಟ್ಟೆಯಲ್ಲಿರುವ ಮಗುವಿಗೆ ಅದು ಒಳ್ಳೆಯದಲ್ಲವೆಂದು ಓದಿದ್ದೆ.

ಕೂಡಲೇ ಫೋನು ಮಾಡಿದೆ. "ಅಕ್ಕಾ, ಬಾವಿ ನೀರು ಕುಡೀಬೇಡ ಕಣೇ."

"ಯಾಕೆ, ಮೊಸಳೆ ಬಂದ್ಬುಟ್ಟೈತಾ?" ಎಂದು ನಕ್ಕಳು. ನಾನು ನಗದಿರಲು ಅವಳ ದನಿ ಇಳಿಯಿತು. "ದಿನಾ ಕುಡೀತಾ ಇದೀನಲ್ಲೇ. ಈಗ ಹೇಳ್ತಿದೀಯ?"

ಅಂದಿನಿಂದ ಭಾವ ಇಲವಾಲದಿಂದ ಕ್ಯಾನಿನಲ್ಲಿ ನೀರು ತರತೊಡಗಿದರು.

ಮಾರನೆಯ ದಿನ, ನಿಯಮದಂತೆ, ಮಾದರಿಯ ಬಾಟಲಿಗಳನ್ನಿಡುವ ಕಪಾಟಿನ ಇನ್ನೊಂದು ಖಾಲಿ ಬಾಟಲಿಗೆ ಶುದ್ಧ ನೀರು ತುಂಬಿ ಪರೀಕ್ಷಿಸಿದೆ. ಅದರಲ್ಲೂ ಅದೇ ಗೆರೆ! ದೋಷ ಬಾಟಲಿಯದೇ ಎಂದರಿತ ನಮ್ಮ ಮುಖ್ಯಸ್ಥರು ಅದನ್ನು ಮೂಸಿ ನೋಡಿ ಅಟೆಂಡರನ್ನು ಕರೆಸಿದರು.

"ಈ ಬಾಟ್ಲಿಗಳ್ನೂ ಆಯುಧಪೂಜೆಗೆ ಇಟ್ಟಿದ್ರೇನ್ರೀ?"

"ಇಡ್ದೆ ಇರ್ತೀವಾ ಸಾರ್? ಮುಚ್ಚಳ ತೆಗೆದು, ಒಂದೊಂದಕ್ಕೂ ಊದುಬತ್ತಿ ಬೆಳಗಿದ್ವಿ. ಒಳಗೂ ಒಸಿ ದೇವ್ರು ಹೋಗ್ಲಿ ಅಂತ."

ಊದುಬತ್ತಿಯ ಸುಗಂಧಕ್ಕೆ ಇದೇ ವಸ್ತುವನ್ನು ಬೆರೆಸುವುದುಂಟು. ಮುಖ್ಯಸ್ಥರು ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಅಳುವಷ್ಟು ಸಂತೋಷವಾಯಿತು. ಬೇರೆ ಬಾಟಲಿಗಳನ್ನು ತೊಳೆದು, ಪ್ರಯೋಗಾಲಯದ ಓವನ್ನಿನಲ್ಲಿ ಕಾಯಿಸಿ, ನಾನೇ ಹೋಗಿ ಹೊಸ ಮಾದರಿಗಳನ್ನು ತಂದೆ.

ಈ ಸಲ ಎತ್ತರದ ಗೆರೆ ಇರಲಿಲ್ಲ. ಆದರೆ ಮೊದಲು ಅದರ ಮರೆಯಲ್ಲಿದ್ದ ಗಿಡ್ಡ ಗೆರೆಯೊಂದು ಹಳ್ಳದ ನೀರಿನಲ್ಲೂ ಬಾವಿಯ ನೀರಿನಲ್ಲೂ ಸ್ಪಷ್ಟವಾಗಿ ಕಂಡಿತು. ತೊಳೆದ ಬಾಟಲಿಯ ಶುದ್ಧ ನೀರಿನಲ್ಲಿ ಅದು ಇರಲಿಲ್ಲವಾದ್ದರಿಂದ, ಈ ಸಲ ದೋಷ ಬಾಟಲಿಯದಲ್ಲ. ಯಂತ್ರದಲ್ಲಿ ಶೇಖರಿಸಿಟ್ಟ ಯಾವ ರಾಸಾಯನಿಕದ ಗೆರೆಗೂ ಅದು ಹೊಂದಲಿಲ್ಲ.

ಸಂಜೆ ಅಕ್ಕನೇ ಫೋನು ಮಾಡಿದಳು. "ನಿಮ್ ಭಾವ ನಾಳೆಗೂ ಕ್ಯಾನ್ ತರ್ಬೇಕಾ ಅಂತ ಕೇಳ್ತಾವ್ರೆ."

"ಹೆಸರು ಗೊತ್ತಾಗೋವರ್ಗೂ ತರ್ಲಿ," ಎಂದೆ.

"ಯಾರ ಹೆಸರೇ?" ಎಂದಳು.

"ನೀರಲ್ಲಿರೋದ್ರದ್ದು ಕಣೇ," ಎಂದು ತಿಳಿಸಿ, ಮರುಪರೀಕ್ಷೆಗಾಗಿ ಇನ್ನೊಂದು ಬಾಟಲಿಯನ್ನು ತೊಳೆಯಲಾರಂಭಿಸಿದೆ.