ಗೇಟಿನವರೆಗಿನ ಮಲ್ಲಿಗೆ

ಹೆಬ್ಬಾಳದ ನಮ್ಮ ಕಾರ್ಖಾನೆಗೆ ಇನ್ನೊಂದೇ ಸ್ಟಾಪು. ಬಸ್ಸಿನಲ್ಲಿ ಪಕ್ಕ ಕೂತಿದ್ದ ರತ್ನಕ್ಕ ಮುಡಿದಿದ್ದ ಮಲ್ಲಿಗೆ ದಂಡೆಯನ್ನು ತೆಗೆದು ಬಾಳೆಎಲೆಯಲ್ಲಿ ಸುತ್ತತೊಡಗಿದರು. ಕಾರ್ಖಾನೆಯೊಳಗೆ ಎಲ್ಲರೂ ತಲೆಗೆ ಟೋಪಿ ಹಾಕಬೇಕು, ಹೂವು ಮುಡಿಯುವಂತಿಲ್ಲ. ಕೆಲಸಕ್ಕೆ ಹೊಸಬಳಾದ ನಾನು ಕೇಳಿಯೇಬಿಟ್ಟೆ: “ಹೆಂಗೂ ತೆಗೀಲೇಬೇಕಲ್ಲ, ದಿನಾ ಯಾಕೆ ಮುಡ್ಕೊಂಡ್ ಬರ್ತೀರಕ್ಕ?”

“ಬಸ್ಸಲ್ಲಿ ಬರೋ ಅರ್ಧ ಗಂಟೆ ನಂದು ಕಣಮ್ಮ. ಅದನ್ನೂ ಕಂಪ್ನಿಗೆ ಕೊಟ್ಬುಡ್ಲಾ?” ಎಂದವರೇ ದಂಡೆಯಲ್ಲಿ ಒಂದು ತುಂಡು ಹರಿದು ನನ್ನ ಜಡೆಗೆ ಸಿಕ್ಕಿಸಿದರು. “ಗೇಟು ಬರೋಗಂಟ ಮುಡ್ಕೊ.”

ಈಗ ನಾನೂ ಹೂವು ಮುಡಿಯದೆ ಬಸ್ಸು ಹತ್ತುವುದಿಲ್ಲ. ಗೇಟಿನಲ್ಲಿ ಮರುಮಾತಿಲ್ಲದೆ ತೆಗೆಯುತ್ತೇನೆ. ಆದರೆ ಟೋಪಿಯೊಳಗೆ ಅದರ ಘಮ ಸಂಜೆಯವರೆಗೂ ಇರುತ್ತದೆ. ಅದನ್ನು ತೆಗೆಸುವವರು ಇನ್ನೂ ಹುಟ್ಟಿಲ್ಲ.