ಹಾರ್ನಕ್ಕನ ಎರಡು ಸೀಟಿನ ಕಾರು

ಹಾರ್ನಕ್ಕ ಕಾರು ಕೊಂಡಳು ಅಂದಾಗ ಡಿಪೋದಲ್ಲಿ ಯಾರೂ ನಂಬಲಿಲ್ಲ. ಅಲ್ಲ, ನಂಬೋದಾದರೂ ಹೇಗೆ? ಅರ್ಧ ಆಯುಷ್ಯ ಸಿಟಿ ಬಸ್ಸು ಓಡಿಸಿ, ಹಾರ್ನ್ ಹೊಡೆದು ಹೊಡೆದೇ ಆ ಹೆಸರು ಸಂಪಾದಿಸಿದವಳು ನಿಜ. ಆದರೆ ಕಣ್ಣಿನ ಡಾಕ್ಟರು ಅವಳನ್ನು ಸ್ಟಿಯರಿಂಗ್‌ನಿಂದ ಇಳಿಸಿ ಆಗಲೇ ಒಂದು ವರ್ಷವಾಗಿತ್ತು. ನೇರಕ್ಕಿದ್ದದ್ದು ಚೆನ್ನಾಗೇ ಕಾಣುತ್ತಿತ್ತು, ಅಕ್ಕಪಕ್ಕದ್ದು ಮಾತ್ರ ಬರಬರುತ್ತಾ ಮಾಯ. ಡಿಪೋದವರು ಅವಳನ್ನು ಪಾಸು ಕೊಡುವ ಕಿಟಕಿಯ ಹಿಂದೆ ಕೂರಿಸಿದ್ದರು.

"ಪೂರ್ತಿ ಕತ್ತಲಾಗೋದರೊಳಗೆ ಒಂದೇ ಒಂದು ಸಲ, ನನ್ನದೇ ಗಾಡಿ ನಾನೇ ಓಡಿಸಬೇಕು." ಆಸೆ ಇಷ್ಟೇ. ಹೇಳಿದ್ದು ಗಂಡನಿಗೆ ಮಾತ್ರ. ಗಂಡ ಟೈಲರ್, ಜನ್ಮದಲ್ಲಿ ಕತ್ತರಿ ಬಿಟ್ಟು ಬೇರೇನೂ ಓಡಿಸಿದವನಲ್ಲ. "ಆಯ್ತು, ನೋಡೋಣ," ಅಂದ. ಬೇಡ ಅನ್ನೋ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ ಬಿಡಿ.

ಕಾರು ಇದ್ದದ್ದು ಬೀಗ ರಿಪೇರಿಯವನ ಶೆಡ್ಡಿನಲ್ಲಿ. ಅವನಪ್ಪ ಪ್ರಾಯದಲ್ಲಿ ಮೆರೆದ ಓಟದ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಹುಡ್ಡು. ತಾರ್ಪಾಲು ಎತ್ತಿದರೆ ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು!

"ನೋಡಿ, ನಿಮಗಿಂತ ಮುಂಚೆ ಒಬ್ಬಳು ಸೀಟು ಹಿಡಿದಿದಾಳೆ," ಅಂದ ಬೀಗದವನು.

ಹಾರ್ನಕ್ಕ ನಗಲೂ ಇಲ್ಲ. ಬೆಳಿಗ್ಗೆ ಬಸ್ಸು ತೆಗೆಯುವ ಮುಂಚೆ ಕೋಲಿನಿಂದ ಟೈರು ಬಡಿದು ಸದ್ದು ಕೇಳುತ್ತಾರಲ್ಲ, ಅದೇ ಅಭ್ಯಾಸ. ಬೆರಳಿನ ಗೆಣ್ಣಿನಲ್ಲಿ ಕಾರಿನ ಮೈಯೆಲ್ಲ ತಟ್ಟುತ್ತಾ, ಕಿವಿಯಿಟ್ಟು ಕೇಳುತ್ತಾ ಸುತ್ತು ಬಂದಳು. ಠಣ್ ಅಂದರೆ ಗಟ್ಟಿ ತಗಡು. ದಬ್ ಅಂದರೆ ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ. ಹಿಂದಿನ ಮೂಲೆಯಲ್ಲಿ ದಬ್ ಅಂತು.

"ಇಲ್ಲಿ ಗುದ್ದಿದೆ."

"ನಾಯಿ ಅಡ್ಡ ಬಂತು ಅಂತ ನಮ್ಮಪ್ಪ ಗೇಟಿಗೆ ಗುದ್ದಿದ್ದರು."

"ಹಿಂದುಗಡೆಯಿಂದಾನಾ? ರಿವರ್ಸ್ ಬರೋಲ್ಲ ಅಂತ ಹೇಳೋಕೆ ನಾಚಿಕೆ ಆಗಿರಬೇಕು ಪಾಪ."

ಬೀಗದವನು ಅಪ್ಪನ ಗುಟ್ಟು ಬಯಲಾಯಿತಲ್ಲ ಅಂತ ಹೊಟ್ಟೆ ಹಿಡಿದು ನಕ್ಕ. ವ್ಯಾಪಾರ ಅಲ್ಲೇ ಕುದುರಿತು.

ಮನೆಗೆ ಬಂದ ಕಾರನ್ನು ನೋಡಿ ಅತ್ತಿಗೆ, "ಓಡದ ಕಾರು, ಕಾಣದ ಡ್ರೈವರು. ಹೇಳಿ ಮಾಡಿಸಿದ ಜೋಡಿ!" ಅಂದಳು. ಅವಳ ಬಾಯಿಗೆ ಬೀಗ ಹಾಕುವವರು ಯಾರು? ಹಾರ್ನಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಎಂಜಿನ್ನು ಡಿಪೋ ಮೆಕ್ಯಾನಿಕ್‌ನ ಪಾಲು, ಮೈ ಅವಳ ಪಾಲು. ಉಜ್ಜಿದರೆ ಕೆಂಪಿನ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಕಡುಹಸಿರು. ಯಾರು ಬಳಿಸಿದರು, ಯಾಕೆ ಬದಲಾಯಿಸಿದರು? ಇನ್ನೂ ಕೆಳಗೆ ಏನಿದೆ? ಊಟಕ್ಕೆ ಕರೆದರೂ "ಇದೊಂದು ಚೂರು" ಅನ್ನುತ್ತಿದ್ದಳು. ಹಸಿರಿನ ಕೆಳಗೆ ಬರೀ ತಗಡು ಸಿಕ್ಕಿದ ದಿನ ಕಥೆ ಮುಗಿದುಹೋಯಿತೇ ಅಂತ ಅವಳಿಗೆ ಬೇಜಾರೇ ಆಯಿತು.

ಸೀಟು ಹೊಲಿದವನು ಗಂಡ. ಟೈಲರ್ ಬುದ್ಧಿ ನೋಡಿ: ಬಟ್ಟೆ ತೊಳೆದರೆ ಕುಗ್ಗುತ್ತೆ ಅಂತ ಎಲ್ಲದರಲ್ಲೂ ಒಂದಿಷ್ಟು ಹೆಚ್ಚಿಗೆ ಬಿಡುವವನು, ದಿಂಬಿಗೂ ಹಾಗೇ ತುಂಬಿಬಿಟ್ಟ. ಹಾರ್ನಕ್ಕ ಕೂತರೆ ತಲೆ ಮುಂದಿನ ಗಾಜಿಗಿಂತ ಮೇಲೆ.

"ಅಯ್ಯೋ, ಬಸ್ಸಿನಷ್ಟೇ ಎತ್ತರ ಮಾಡಿದ್ದೀಯಲ್ಲೋ!" ಅಂತ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಮುಖ ಊದಿಸಿಕೊಂಡು ಎಲ್ಲಾ ಬಿಚ್ಚಿ ಮತ್ತೆ ಹೊಲಿದ.

ಕಾರು ಓಡುವ ಹೊತ್ತಿಗೆ ವರ್ಷ ಕಳೆದಿತ್ತು, ಕಣ್ಣೂ ಅಷ್ಟು ಕಳೆದಿತ್ತು. ಒಂದು ರಜೆಯ ದಿನ ಡಿಪೋ ಹಿಂದಿನ ಖಾಲಿ ಮೈದಾನಕ್ಕೆ ಕಾರು ತಂದುಕೊಟ್ಟು ಮೆಕ್ಯಾನಿಕ್ಕು ಹೊರಟುಹೋದ. ಗಂಡ ಬಂದದ್ದು ಕಣ್ಣು ಕುಕ್ಕುವ ಹಳದಿ ಶರ್ಟಿನಲ್ಲಿ. ಅಂಗಡಿಯಲ್ಲಿದ್ದ ಅತಿ ಗಾಢ ಬಟ್ಟೆ ಹುಡುಕಿ, ಅವಳಿಗೆ ಕಾಣಲಿ ಅಂತಲೇ ಹೊಲಿದುಕೊಂಡದ್ದು.

"ನಾನು ಎಡಗಡೆ ಗೋಡೆ ಹತ್ತಿರ ನಿಂತಿರ್ತೀನಿ. ನನ್ನ ನೋಡ್ಕೊಂಡು ತಿರುಗಿಸು."

ಎಂಜಿನ್ನು ಗುಡುಗಿತು. ಮೊದಲ ಗೇರು, ಎರಡನೆಯದು. ಗಾಳಿ ಮುಖಕ್ಕೆ ಬಡಿಯಿತು. ಅವಳ ಕೈಕಾಲು ಯಾವುದನ್ನೂ ಮರೆತಿರಲಿಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಜೋರಾಗಿ ಕೂಗಿಯೇಬಿಟ್ಟಳು. ಮೈದಾನದ ತುದಿಯಲ್ಲಿ ಎಡಕ್ಕೆ ತಿರುಗಿಸಿದಳು.

"ಏಯ್! ನಿಲ್ಸು!"

ಬ್ರೇಕು ಕಿರುಚಿತು. ಗಂಡ ಬಾನೆಟ್ಟಿಗೆ ಎರಡೂ ಕೈಯೂರಿ ನಿಂತಿದ್ದ.

"ಎಲ್ಲಿಂದ ಬಂದೆ?" ಅಂದಳು.

"ಎಲ್ಲಿಂದಲೂ ಬರಲಿಲ್ಲ. ಇಲ್ಲೇ ನಿಂತಿದ್ದೆ."

ಅವಳು ಶರ್ಟು ನೋಡಿದಳು. ಎಂಜಿನ್ನು ಆರಿಸಿದಳು. ಇಷ್ಟು ವರ್ಷ ಅವಳು ಒಬ್ಬರಿಗೂ ಗಾಡಿ ತಾಗಿಸಿದವಳಲ್ಲ.

"ಪರವಾಗಿಲ್ಲ, ಇನ್ನೊಂದು ಸುತ್ತು ಹೊಡಿ. ನಾನು ದೂರ ನಿಲ್ತೀನಿ," ಅಂದ ಅವನು.

"ಬೇಡ. ಸಾಕು." ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಅವನು ಬಾಗಿಲು ತೆರೆದು ಹಿಡಿದ. ಆಮೇಲೆ ಅವಳೇ ಮುಖ ಒರೆಸಿಕೊಂಡು ಇಳಿದಳು, ಬಾನೆಟ್ಟು ಮುಟ್ಟುತ್ತಾ ಸುತ್ತಿ ಬಂದು ಆ ಕಡೆಯ ಸೀಟಿನಲ್ಲಿ ಕೂತಳು.

"ಬಾ, ಕೂತ್ಕೋ."

"ನಾನಾ? ಹುಚ್ಚಾ ನಿಂಗೆ?"

"ಜೀವಮಾನವೆಲ್ಲ ಹೊಲಿಗೆ ಮಿಷನ್ ಪೆಡಲ್ ತುಳಿದವನು ತಾನೆ? ಎಡಗಾಲು ಕ್ಲಚ್. ಮೆತ್ತಗೆ ಬಿಡು. ಮೆತ್ತಗೆ ಅಂದೆ!"

ಕಾರು ಎರಡು ಸಲ ಕುಪ್ಪಳಿಸಿ ಆಫ್ ಆಯಿತು. ಟೈಲರ್ ಬೆವೆತು ಹೋಗಿದ್ದ.

"ಇನ್ನೊಂದು ಸಲ," ಅಂದಳು ಹಾರ್ನಕ್ಕ.