ಬಂಡೆ ಬೀಳುತ್ತದೆ ಎಂದಿದ್ದೆ

ಕನಕಪುರದ ಹತ್ತಿರ ಒಂದು ಕಲ್ಲುಕ್ವಾರಿಯಲ್ಲಿ ಬಂಡೆಗೋಡೆಯ ಮೇಲೆ ಕಣ್ಣಿಡುವುದು ನನ್ನ ಕೆಲಸವಾಗಿತ್ತು. ಊರು ಮಾಗಡಿ ಕಡೆಯದು, ಓದಿದ್ದು ಭೂವಿಜ್ಞಾನ. ಅಡುಗೆಯವರನ್ನು ಬಿಟ್ಟರೆ ಅಲ್ಲಿ ಹೆಂಗಸು ನಾನೊಬ್ಬಳೇ.

ಗೋಡೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅದರ ಆಚೆಯ ಬಂಡೆಗೆ ತಂತಿ ಬಿಗಿದು, ಈಚೆಯ ಗಟ್ಟಿ ಬಂಡೆಯ ಮೇಲೆ ನಿಂತು, ತಂತಿ ಎಷ್ಟು ಎಳೆದಿದೆ ಎಂದು ದಿನಾ ಬೆಳಿಗ್ಗೆ ಅಳೆಯುತ್ತಿದ್ದೆ. ಬಿರುಕು ಒಂದೇ ಸಮನೆ ನಿಧಾನವಾಗಿ ಅಗಲವಾಗುತ್ತಿದ್ದರೆ ಕಾದು ನೋಡಬಹುದು. ನಿನ್ನೆಗಿಂತ ಇವತ್ತು ಜಾಸ್ತಿ, ಇವತ್ತಿಗಿಂತ ನಾಳೆ ಜಾಸ್ತಿ ಬಾಯಿ ಬಿಡತೊಡಗಿದರೆ ಬಂಡೆ ಹೊರಟಿದೆ ಎಂದೇ ಅರ್ಥ.

ಆ ಬೇಸಿಗೆಯಲ್ಲಿ ಅದು ಹೊರಟಿತು.

ಗೋಡೆಯ ಕೆಳಗಿನ ಗುಂಡಿಗೆ ಯಾರನ್ನೂ ಇಳಿಸಬೇಡಿ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ಫೋನಿನಿಂದ ಕಣ್ಣೆತ್ತಲಿಲ್ಲ.

"ನಮ್ ತಾತನ ಕಾಲ್ದಿಂದ ನಿಂತೈತೆ ಕಣಮ್ಮ ಆ ಬಂಡೆ. ನೀವು ತಂತಿ ಹಿಡ್ಕಂಡ್ ಬಂದ್ರಿ ಅಂತ ಬಿದ್ದೋಯ್ತದಾ?"

"ನಿಮ್ ತಾತನ ಕಾಲ್ದಲ್ಲಿ ಅದರ ಬುಡ ಯಾರೂ ಕೊರ್ದಿರ್ಲಿಲ್ಲ ಸಾರ್."

"ಆರ್ಡರ್ ಐತೆ. ಕೆಲಸ ನಿಲ್ಲಲ್ಲ."

ಮೈಯೆಲ್ಲ ಉರಿಯಿತು. ನೇರ ಹೋಗಿ, ಗುಂಡಿಗಿಳಿಯುವ ದಾರಿಗೆ ನನ್ನ ಸ್ಕೂಟರನ್ನು ಅಡ್ಡ ನಿಲ್ಲಿಸಿ ಅದರ ಮೇಲೇ ಕೂತೆ. ಹಿಂದೆ ಟಿಪ್ಪರ್ ಬಂದು ಹಾರ್ನ್ ಹೊಡೆಯಿತು. ಕದಲಲಿಲ್ಲ. ಡ್ರಿಲ್ ಹೊಡೆಯುವವರ ಮೇಸ್ತ್ರಿ, ನಮ್ಮಪ್ಪನ ವಯಸ್ಸಿನವರು, ನಡೆದು ಬಂದರು.

"ಅವ್ವಾ, ನಿಜ್ವಾಗ್ಲೂ ಬೀಳ್ತದಾ?"

"ಬೀಳ್ತದೆ. ಇವತ್ತೋ, ಇನ್ನೆರಡು ದಿನಕ್ಕೋ. ಗಂಟೆ ಹೇಳಾಕೆ ನಂಗಾಗಲ್ಲ."

"ಬೀಳ್ದಿದ್ರೆ?"

"ಎಲ್ರೂ ಸೇರ್ಕಂಡು ನನ್ನ ನೋಡಿ ನಗ್ರಿ. ಕೆಳಕ್ ಮಾತ್ರ ಹೋಗ್ಬ್ಯಾಡಿ."

ಅವರು ತಲೆಯೆತ್ತಿ ನೆತ್ತಿಯ ಬಿರುಕು ನೋಡಿದರು. ಆಮೇಲೆ ತಮ್ಮವರ ಕಡೆ ತಿರುಗಿ, "ಮಿಷನ್ ಆಫ್ ಮಾಡಿ ಮೇಲಕ್ ಬರ್ರಲಾ" ಎಂದು ಕೂಗಿದರು.

ಅವತ್ತು ಬೀಳಲಿಲ್ಲ. ಮರುದಿನ ಬೆಳಿಗ್ಗೆಯೂ ಗೋಡೆ ಹಾಗೇ ನಿಂತಿತ್ತು. "ಮೇಡಂ, ಬಂಡೆ ಉಣ್ಕಂಡು ಬತ್ತೀನಿ ಅಂತು" ಎಂದು ಕೆಲಸದವರು ರೇಗಿಸಿದರು. ಸಂಜೆಯೊಳಗೆ ದಾರಿ ಬಿಡದಿದ್ದರೆ ನಾಳೆಯಿಂದ ಬರಲೇಬೇಡಿ ಎಂದು ಮ್ಯಾನೇಜರ್ ಹೇಳಿಕಳಿಸಿದರು. ನನಗೂ ಒಳಗೊಳಗೇ ಅಳುಕು. ಅಳತೆ ತಪ್ಪಿದೆಯೇನೋ ಎಂದು ಮಧ್ಯಾಹ್ನ ಮತ್ತೆ ಹತ್ತಿ ನೋಡಿದೆ. ಅರ್ಧ ದಿನದಲ್ಲಿ ಬಂಡೆ ಹಿಂದಿನ ಇಡೀ ವಾರಕ್ಕಿಂತ ಹೆಚ್ಚು ಸರಿದಿತ್ತು. ಓಡಿ ಬಂದು ಮತ್ತೆ ಸ್ಕೂಟರ್ ಮೇಲೆ ಕೂತೆ. ಇನ್ನು ನನ್ನನ್ನು ಎತ್ತಿಹಾಕಿಯೇ ಟಿಪ್ಪರ್ ಇಳಿಯಬೇಕಿತ್ತು.

ಟೀ ಹೊತ್ತಿಗೆ ಮೊದಲು ಸಣ್ಣ ಕಲ್ಲುಗಳು ಉದುರಿದವು. ಆಮೇಲೆ ಗೋಡೆಯ ಅರ್ಧ ಭಾಗ ನಿಂತ ಹಾಗೇ ಜಾರಿ ಗುಂಡಿಗೆ ಕುಸಿಯಿತು. ಕಾಲಡಿಯ ನೆಲ ಅದುರಿತು. ಧೂಳು ಇಳಿದಾಗ ಡ್ರಿಲ್‌ನವರು ನಿಲ್ಲುತ್ತಿದ್ದ ಜಾಗವೇ ಇರಲಿಲ್ಲ. ಕೆಳಗೆ ಒಬ್ಬರೂ ಇರಲಿಲ್ಲ. ಮೇಸ್ತ್ರಿ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟರು.

ಮರುದಿನ ಮ್ಯಾನೇಜರ್, "ಮಳೆಗೆ ಬಿತ್ತು ಅಂತ ರಿಪೋರ್ಟ್ ಬರ್ದ್ಬುಡಿ" ಎಂದರು. ಮಳೆ ಕಂಡು ತಿಂಗಳುಗಳಾಗಿದ್ದವು.

"ಬುಡ ಕೊರ್ದಿದ್ದಕ್ಕೆ ಬಿತ್ತು ಅಂತ ಬರೀತೀನಿ. ಮಳೆ ಅಂತ ಬೇಕಿದ್ರೆ ನೀವೇ ಬರ್ದು ಸೈನ್ ಹಾಕಿ."

ಅವತ್ತೇ ಕೆಲಸದಿಂದ ತೆಗೆದರು. ತಲೆ ತಗ್ಗಿಸದೆ ಹೊರಗೆ ಬಂದೆ. ಆದರೆ ಬಂಡೆ ನೋಡುವವರಿಲ್ಲದೆ ಗುಂಡಿಗೆ ಇಳಿಯುವುದಿಲ್ಲ ಎಂದು ಡ್ರಿಲ್‌ನವರು ಪಟ್ಟು ಹಿಡಿದರು. ಕೆಲವು ದಿನಗಳಲ್ಲಿ ಮ್ಯಾನೇಜರ್ ಫೋನ್ ಮಾಡಿದರು. ನಾನು ನಿಲ್ಲಿಸಿ ಎಂದ ದಿನ ಕೆಲಸ ನಿಲ್ಲಬೇಕು, ಒಪ್ಪಿದರೆ ಮಾತ್ರ ಬರುತ್ತೇನೆ ಎಂದೆ. ಒಪ್ಪಿದರು.

ಈಗ ಗುಂಡಿಗಿಳಿಯುವ ಆ ದಾರಿಗೆ ಕಬ್ಬಿಣದ ಗೇಟು ಇದೆ. ಬೆಳಗಿನ ಅಳತೆ ಮುಗಿಯುವವರೆಗೆ ಅದರ ಕೀಲಿ ನನ್ನ ಹತ್ತಿರ ಇರುತ್ತದೆ.